ಅಗಲಗಣ್ಣಿನ ಅಗ್ಗದ ಕ್ಯಾಮೆರಾ

ಫೋಟೋಗ್ರಾಫರ್ ಜಿನ್ನಪ್ಪನ ಹಳೆಯ ಕ್ಯಾಮೆರಾ ಮದುವೆಮನೆಗಳನ್ನು ಸುತ್ತಿ ಸುತ್ತಿ ದಣಿದಿತ್ತು. ಅದರ ಚೀಲಕ್ಕೆ ಅಗ್ಗದ ಪ್ಲಾಸ್ಟಿಕ್ ರೀಲ್ ಕ್ಯಾಮೆರಾವೊಂದು ಬಂದು ಸೇರಿತು.

"ಆಟಿಕೆಯಂತಿದ್ದೀಯೆ. ನಿನಗೆ ಏನು ಬರುತ್ತದೆ?" ಎಂದು ಹಳೆಯದು ಬೇಸರದಿಂದ ಕೇಳಿತು.

"ಅಗಲವಾಗಿ ನೋಡಲು ಬರುತ್ತದೆ, ಅಷ್ಟೇ," ಎಂದಿತು ಹೊಸದು.

ಅಂದು ಇಕ್ಕಟ್ಟಾದ ಕೋಣೆಯೊಂದರಲ್ಲಿ, ಹಾಸಿಗೆ ಹಿಡಿದ ಪದ್ಮವ್ವನ ಸುತ್ತ ಮನೆಮಂದಿಯೆಲ್ಲ ನಿಂತಿದ್ದರು. ಹಳೆಯ ಕ್ಯಾಮೆರಾ ಹಿಡಿದ ಜಿನ್ನಪ್ಪ ಗೋಡೆಗೆ ಬೆನ್ನು ತಾಗುವವರೆಗೂ ಹಿಂದೆ ಸರಿದ.

"ಫೋಟೋದಲ್ಲಿ ಎಲ್ಲರೂ ಹಿಡಿಸುತ್ತಿಲ್ಲ. ಸೊಸೆ ಸ್ವಲ್ಪ ಆಚೆ ನಿಲ್ಲಮ್ಮ."

ಪದ್ಮವ್ವ ಸೊಸೆಯ ಕೈ ಬಿಡಲಿಲ್ಲ. "ನನ್ನ ಬಾಯಿಗೆ ಗಂಜಿ ಹಾಕಿದವಳು ಇವಳು. ಇವಳಿಲ್ಲದ ಫೋಟೋ ನನಗೆ ಬೇಡಪ್ಪ."

ಜಿನ್ನಪ್ಪ ಹೊಸ ಕ್ಯಾಮೆರಾ ತೆಗೆದ. ಅದರಲ್ಲಿ ಎಲ್ಲರೂ ಹಿಡಿಸಿದರು.

ಹಿಂದಿರುಗುವಾಗ ಹಳೆಯದು ಕೇಳಿತು, "ಅಂಚಿನಲ್ಲಿದ್ದ ಆ ಸೊಸೆ ಹೇಗೆ ಕಂಡಳು?"

"ಅಳುತ್ತಿದ್ದಳು, ನಗುತ್ತಲೂ ಇದ್ದಳು."

"ನನಗೆ ಕಾಣಲೇ ಇಲ್ಲ," ಎಂದ ಹಳೆಯ ಕ್ಯಾಮೆರಾ ಹೊಸದಕ್ಕೆ ಜಾಗ ಬಿಟ್ಟು ಪಕ್ಕಕ್ಕೆ ಸರಿಯಿತು.