ಚಿನ್ನುವಿನ ತಟ್ಟೆ, ತಾಯಮ್ಮನ ಲೋಟ

ಅನಸೂಯಮ್ಮನವರ ಮನೆಯಲ್ಲಿ ಚಿನ್ನು ಎಂಬ ನಾಯಿ ಇತ್ತು. ನಾಯಿ ಎಂದರೆ ಅನಸೂಯಮ್ಮನವರಿಗೆ ಸಿಟ್ಟು ಬರುತ್ತಿತ್ತು. "ನಾಯಿ ಅನ್ನಬೇಡಿ, ಅದು ನಮ್ಮನೆ ಮಗು" ಎನ್ನುತ್ತಿದ್ದರು. ಮಗು ಎಂದಮೇಲೆ ಮಗುವಿಗೆ ಆಗುವ ಉಪಚಾರವೆಲ್ಲ ಆಗಬೇಕಲ್ಲ! ಬೆಳಿಗ್ಗೆ ತುಪ್ಪ ಸವರಿದ ಇಡ್ಲಿ, ಮಧ್ಯಾಹ್ನ ಹುಳಿಯನ್ನ, ಸಂಜೆಗೊಂದು ಚಕ್ಕುಲಿ. ಅದೂ ಮನೆಮಂದಿ ಉಣ್ಣುವ ಸ್ಟೀಲ್ ತಟ್ಟೆಯಲ್ಲೇ.

ಯಜಮಾನರು ಶ್ರೀಕಂಠಯ್ಯನವರಿಗೆ ಇದು ಸರಿಬರುತ್ತಿರಲಿಲ್ಲ.

"ಅಲ್ವೇ, ನಿನ್ನೆ ನಾನು ಉಂಡ ತಟ್ಟೇಲಿ ಇವತ್ತು ಅದು ಉಣ್ಣುತ್ತೆ. ನಾಳೆ ಅದೇ ತಟ್ಟೆ ನನ್ನ ಮುಂದೆ ಬರುತ್ತೆ. ಇದೇನು ಚೆಂದ?"

"ತೊಳೆದ್ರೆ ಎಲ್ಲಾ ಶುದ್ಧಾನೇ ಕಣ್ರೀ. ಪ್ರೀತಿಗೆ ಎಂಥಾ ಮೈಲಿಗೆ?" ಎಂದು ಅನಸೂಯಮ್ಮ ಅವರ ಬಾಯಿ ಮುಚ್ಚಿಸುತ್ತಿದ್ದರು. ಈ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆ ತಟ್ಟೆಗಳನ್ನು ತೊಳೆಯುತ್ತಿದ್ದವಳು ಚಿಕ್ಕತಾಯಮ್ಮ. ಹನ್ನೊಂದು ವರ್ಷದಿಂದ ಆ ಮನೆಯ ಪಾತ್ರೆ, ಕಸ, ನೆಲ ಎಲ್ಲ ಅವಳದೇ. ಎಲ್ಲರೂ ತಾಯಮ್ಮ ಎಂದೇ ಕರೆಯುತ್ತಿದ್ದರು. ಅವಳಿಗೆ ಆ ಮನೆಯಲ್ಲಿ ದಿನಕ್ಕೊಂದು ಲೋಟ ಕಾಫಿ ಸಿಗುತ್ತಿತ್ತು. ಲೋಟ ಮಾತ್ರ ಬೇರೆ. ಅದು ಅಡುಗೆಮನೆಯಲ್ಲಿ ಇರುತ್ತಿರಲಿಲ್ಲ, ಹಿತ್ತಲ ಕಿಟಕಿಯ ಮೇಲೆ ಬೋರಲು ಹಾಕಿರುತ್ತಿತ್ತು. ಅದರ ತಳಕ್ಕೆ ಉಗುರುಬಣ್ಣದಿಂದ ಒಂದು ಕೆಂಪು ಚುಕ್ಕೆ ಇಟ್ಟಿದ್ದರು. ಅಪ್ಪಿತಪ್ಪಿಯೂ ಮನೆಯ ಲೋಟಗಳ ಜೊತೆ ಬೆರೆಯಬಾರದು ಎಂದು ಆ ಗುರುತು. ಅನಸೂಯಮ್ಮ ಆ ಲೋಟಕ್ಕೆ ಮೇಲಿನಿಂದ ಕಾಫಿ ಸುರಿಯುತ್ತಿದ್ದರು, ಪಾತ್ರೆಯ ಅಂಚು ಲೋಟಕ್ಕೆ ತಗುಲದ ಹಾಗೆ. ಅಷ್ಟೂ ಪಾತ್ರೆಗೆ ತಾಯಮ್ಮನ ಕೈ ಬೇಕು, ಒಂದಕ್ಕೂ ಅವಳ ತುಟಿ ಬೇಡ.

ಒಮ್ಮೆ ಒಂದು ಫಜೀತಿಯಾಯಿತು. ತಾಯಮ್ಮನ ಕೈ ಗಟ್ಟಿ. ನಾರು ಹಾಕಿ ಉಜ್ಜಿದಳೆಂದರೆ ಪಾತ್ರೆಯಲ್ಲಿ ಮುಖ ಕಾಣಬೇಕು. ಹಾಗೆ ಉಜ್ಜಿ ಉಜ್ಜಿ ಆ ಕೆಂಪು ಚುಕ್ಕೆ ಅಳಿಸಿಹೋಯಿತು, ಲೋಟ ಹೇಗೋ ಒಳಗಿನ ಸ್ಟ್ಯಾಂಡಿಗೆ ಸೇರಿತು. ಅನಸೂಯಮ್ಮನಿಗೆ ಗಾಬರಿಯೋ ಗಾಬರಿ. ಹನ್ನೆರಡು ಲೋಟಗಳನ್ನೂ ಸಾಲಾಗಿ ನಿಲ್ಲಿಸಿದರು. ಮೂಸಿದರು, ತಟ್ಟಿದರು, ಬೆಳಕಿಗೆ ಹಿಡಿದು ನೋಡಿದರು. ಯಾವುದು ತಾಯಮ್ಮನದು? ಒಂದು ಲೋಟವೂ ಬಾಯಿ ಬಿಡಲಿಲ್ಲ. ಕೊನೆಗೆ ಹನ್ನೆರಡನ್ನೂ ಹುಣಿಸೆಹಣ್ಣು ಹಾಕಿ ಕುದಿಸಿ, ಅದರಲ್ಲೇ ಒಂದನ್ನು ಕಣ್ಣುಮುಚ್ಚಿ ಎತ್ತಿ, ಹೊಸದಾಗಿ ಚುಕ್ಕೆ ಇಟ್ಟು ಕಿಟಕಿಗೆ ಕಳಿಸಿದರು. ತಾಯಮ್ಮ ಬಚ್ಚಲಲ್ಲಿ ಕೂತು ಇದನ್ನೆಲ್ಲ ನೋಡಿದಳು. ನಗು ಬಂತು. ನಗು ಮುಗಿದ ಮೇಲೆ ಬಹಳ ಹೊತ್ತು ಎದೆಯೊಳಗೆ ಉರಿಯಿತು.

ಹೀಗಿರುವಾಗ ಚಿನ್ನು ಮನೆಗೆ ಬಂದು ಐದು ವರ್ಷ ತುಂಬಿತು. ಹುಟ್ಟುಹಬ್ಬ ಮಾಡಿದರು. ಒಬ್ಬಟ್ಟು, ದ್ರಾಕ್ಷಿ ಹಾಕಿದ ಪಾಯಸ, ಈರುಳ್ಳಿ ಬಜ್ಜಿ. ತಟ್ಟೆ ತುಂಬ ಬಡಿಸಿ ಚಿನ್ನುವಿನ ಮುಂದಿಟ್ಟರು.

ತಾಯಮ್ಮನಿಗೆ ತಡೆಯಲಾಗಲಿಲ್ಲ. "ಅಮ್ಮಾವ್ರೇ, ಇಷ್ಟೊಂದು ಎಣ್ಣೆ, ಸಿಹಿ ಅದರ ಹೊಟ್ಟೆಗೆ ಆಗಕಿಲ್ಲ. ಬ್ಯಾಡಿ."

"ನಾವು ತಿನ್ನೋದನ್ನ ಅದು ತಿಂದ್ರೆ ನಿಂಗ್ಯಾಕೆ ಹೊಟ್ಟೆಕಿಚ್ಚು? ಸುಮ್ನಿರು" ಎಂದರು ಅನಸೂಯಮ್ಮ.

ನಾಯಿ ಹೊಟ್ಟೆಗೆ ತುಪ್ಪ ದಕ್ಕೀತೇ? ಮಾರನೆಯ ದಿನ ಚಿನ್ನು ಮೇಲೇಳಲಿಲ್ಲ. ವಾಂತಿ, ಭೇದಿ. ಕಣ್ಣು ಗುಳಿಬಿದ್ದವು. ಪಶುವೈದ್ಯರು ಬಂದು ಹೊಟ್ಟೆ ಒತ್ತಿ ನೋಡಿ, ಸೂಜಿ ಚುಚ್ಚಿ, ಅನಸೂಯಮ್ಮನ ಕಡೆ ತಿರುಗಿದರು.

"ಅದು ನಾಯಿ ಕಣ್ರಮ್ಮ, ನೆಂಟರಲ್ಲ. ದ್ರಾಕ್ಷಿ, ಈರುಳ್ಳಿ, ಕರಿದಿದ್ದು, ಸಿಹಿ ಯಾವುದನ್ನೂ ಇನ್ನು ತೋರಿಸಬೇಡಿ. ಅದರ ತಟ್ಟೆ ಬೇರೆ ಇಡಿ, ಅದಕ್ಕೆ ಒಗ್ಗೋ ಸಪ್ಪೆ ಊಟ ಹಾಕಿ. ಆದ್ರೆ ಹೊಟ್ಟೆಗೆ ಏನಾದ್ರೂ ಹೋಗಲೇಬೇಕು. ಇಲ್ಲದಿದ್ರೆ ಉಳಿಯೋದು ಕಷ್ಟ."

ಎರಡು ದಿನ ಅನಸೂಯಮ್ಮ ಏನೇನೋ ಪ್ರಯತ್ನ ಮಾಡಿದರು. ಮೆತ್ತಗಿನ ಅನ್ನ ಇಟ್ಟರು, ಮೊಸರು ಕಲಸಿ ಇಟ್ಟರು, ತಟ್ಟೆ ಬದಲಿಸಿದರು. ಚಿನ್ನು ಮೂತಿ ತಿರುಗಿಸಿತು. ಅವರಿಗೆ ಊಟ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಕೆಲಸ ಮುಗಿಸಿ ತಾಯಮ್ಮ ಹಿತ್ತಲ ಮೆಟ್ಟಿಲ ಮೇಲೆ ಕೂತು ತನ್ನ ಡಬ್ಬಿ ಬಿಚ್ಚಿದಳು. ರಾಗಿಮುದ್ದೆ, ಸೊಪ್ಪಿನ ಸಾರು, ಒಂದು ಸಣ್ಣ ಬಾಟಲಿಯಲ್ಲಿ ನೀರುಮಜ್ಜಿಗೆ. ಬಾಗಿಲ ಬಳಿ ಬಿದ್ದಿದ್ದ ಚಿನ್ನು ತಲೆ ಎತ್ತಿತು. ತೆವಳಿಕೊಂಡು ಅವಳ ಕಾಲ ಬಳಿ ಬಂತು. ತಾಯಮ್ಮ ಸಾರು ಸೋಕಿಸದೆ ಬರೀ ಮುದ್ದೆಯ ಚೂರೊಂದನ್ನು ಮುರಿದು, ಮಜ್ಜಿಗೆಯಲ್ಲಿ ಅದ್ದಿ ಅದರ ಬಾಯಿಗಿಟ್ಟಳು. ಚಿನ್ನು ನುಂಗಿತು. ಇನ್ನೊಂದು ಚೂರು ಕೊಟ್ಟಳು. ಅದನ್ನೂ ನುಂಗಿ ಅವಳ ಬೆರಳು ನೆಕ್ಕಿತು. ಅವಳು ಡಬ್ಬಿಯ ಮುಚ್ಚಳವನ್ನೇ ಮುಂದಿಟ್ಟಳು. ಅರ್ಧ ಮುದ್ದೆ ಖಾಲಿಯಾಯಿತು. ತನಗೆ ಊಟ ಕಡಿಮೆಯಾಯಿತು ಎನ್ನುವುದು ಅವಳಿಗೆ ತೋಚಲೇ ಇಲ್ಲ.

ಅನಸೂಯಮ್ಮ ಒಳಗಿನಿಂದ ನೋಡಿ ಓಡಿಬಂದರು. "ತಿಂದ್ಯಾ ನನ್ನಪ್ಪ, ತಿಂದ್ಯಾ ನನ್ನ ಬಂಗಾರ" ಎಂದು ಚಿನ್ನುವನ್ನು ತಬ್ಬಿಕೊಂಡು ಅತ್ತರು. ಚಿನ್ನು ಅವರ ಕೆನ್ನೆ ನೆಕ್ಕಿತು. ಅವರು ಕೆನ್ನೆ ಒರೆಸಿಕೊಳ್ಳಲಿಲ್ಲ.

"ತಾಯಮ್ಮ, ನೀನು ದೇವರಂಗೆ ಬಂದೆ ಕಣೇ! ನಾಳೆಯಿಂದ ದಿನಾ ಇದಕ್ಕೂ ಒಂದು ಮುದ್ದೆ ತಂದುಬಿಡು, ನಿನ್ನ ಮನೆದೇ ತಾ. ತಡಿ, ನಿಂಗೆ ಕಾಫಿ ತರ್ತೀನಿ" ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ ಒಳಗೆ ಹೋದರು.

ಕಾಫಿ ಪಾತ್ರೆ ಹಿಡಿದು ಬಂದರು. ಕಿಟಕಿಯ ಮೇಲಿದ್ದ ಕೆಂಪು ಚುಕ್ಕೆಯ ಲೋಟ ತೋರಿಸಿ, "ಹಿಡ್ಕೋ" ಎಂದರು. ಪಾತ್ರೆಯನ್ನು ಎಂದಿನಂತೆ ಮೇಲೆತ್ತಿದರು.

ತಾಯಮ್ಮ ಲೋಟ ಮುಟ್ಟಲಿಲ್ಲ. ಹನ್ನೊಂದು ವರ್ಷ ನುಂಗಿದ್ದ ಮಾತು ಗಂಟಲಿಗೆ ಬಂದಿತ್ತು.

"ಅಮ್ಮಾವ್ರೇ, ಒಂದ್ ಮಾತು ಕೇಳ್ತೀನಿ, ಬೇಜಾರ್ ಮಾಡ್ಕೋಬ್ಯಾಡಿ. ಬೇಜಾರ್ ಮಾಡ್ಕೊಂಡ್ರೂ ಕೇಳ್ತೀನಿ. ನನ್ ಡಬ್ಬಿ ಮುದ್ದೇನ ಚಿನ್ನು ತಿಂತು. ನನ್ ಬೆರಳು ನೆಕ್ತು. ಅದೇ ನಾಲಿಗೇಲಿ ನಿಮ್ ಕೆನ್ನೆ ನೆಕ್ತು. ನನ್ ಎಂಜಲು ಈಗ ನಿಮ್ ಕೆನ್ನೆ ಮ್ಯಾಲದೆ. ಅಲ್ಲಿಗೂ ಒಂದು ಕೆಂಪು ಚುಕ್ಕೆ ಇಟ್ಕೋತೀರಾ?"

ಅನಸೂಯಮ್ಮನ ಕೈ ತಾನಾಗಿ ಕೆನ್ನೆಗೆ ಹೋಯಿತು. ಮುಖ ಕೆಂಪಾಯಿತು.

"ಏನೇ ಇದು, ಬಾಯಿ ಇಷ್ಟುದ್ದ ಬಂತು? ಹನ್ನೊಂದು ವರ್ಷ ಅನ್ನ ಹಾಕಿದ ಮನೆ ಇದು!"

"ಹಾಕಿದ್ರಿ, ಇಲ್ಲ ಅನ್ನಲ್ಲ. ನಾನೂ ಹನ್ನೊಂದು ವರ್ಷ ತೊಳ್ದೆ. ತೊಳೆದ್ರೆ ಎಲ್ಲಾ ಶುದ್ಧ ಅಂತ ನೀವೇ ಅಂತೀರಿ. ಚಿನ್ನು ಉಂಡ ತಟ್ಟೆ ತೊಳೆದ್ರೆ ಶುದ್ಧ ಆಗೋದಾದ್ರೆ, ನಾನು ಕುಡಿದ ಲೋಟ ಯಾಕೆ ಆಗಲ್ಲ? ತೊಳ್ಯೋ ಕೈಯಂತೂ ಒಂದೇ."

"ಸಾಕು! ನಾಳೆಯಿಂದ ಕೆಲಸಕ್ಕೆ ಬರಬೇಡ."

"ಪಾತ್ರೆಗೆ ಬರಲ್ಲ ಬುಡಿ. ಚಿನ್ನುಗೆ ಮುದ್ದೆ ತತ್ತೀನಿ. ಪಾಪ, ಅದೇನ್ ತಪ್ಪು ಮಾಡ್ತು?"

ಡಬ್ಬಿ ಮುಚ್ಚಿಕೊಂಡು ಹೊರಟೇಬಿಟ್ಟಳು. ಬೀದಿಯ ತಿರುವು ದಾಟಿದ ಮೇಲೆ ಲೆಕ್ಕ ಹಾಕಿದಳು. ಅದೇ ಸಾಲಿನಲ್ಲಿ ಇನ್ನೂ ಎರಡು ಮನೆಗಳ ಕೆಲಸ ಅವಳಿಗಿತ್ತು. ಅನಸೂಯಮ್ಮ ಒಂದು ಮಾತು ಆಡಿದರೆ ಅವೂ ಹೋಗುತ್ತವೆ. 'ಬಾಯಿ ಜಾಸ್ತಿ' ಎಂದು ಹೆಸರು ಬಿದ್ದವಳನ್ನು ಯಾರೂ ಇಟ್ಟುಕೊಳ್ಳುವುದಿಲ್ಲ. ಅವಳಿಗೆ ಭಯವಾಯಿತು. ಆದರೂ ಆಡಿದ ಮಾತನ್ನು ಹಿಂದಕ್ಕೆ ತಗೊಳ್ಳಬೇಕು ಅಂತ ಒಂದು ಗಳಿಗೆಯೂ ಅನ್ನಿಸಲಿಲ್ಲ.

ಮಾರನೆಯ ಬೆಳಿಗ್ಗೆ ಹೇಳಿದಂತೆ ಬಂದಳು. ಗೇಟಿನ ಹೊರಗೇ ಕುಕ್ಕರಗಾಲಲ್ಲಿ ಕೂತು, ಕಂಬಿಯ ಸಂದಿಯಿಂದ ಚಿನ್ನುವಿಗೆ ಮುದ್ದೆ ತಿನ್ನಿಸಿ, ಕೈ ಒರೆಸಿಕೊಂಡು ಹೋದಳು. ಒಳಗೆ ಕಾಲಿಡಲಿಲ್ಲ. ಎರಡನೇ ದಿನವೂ ಹಾಗೇ. ಚಿನ್ನು ಚೇತರಿಸಿಕೊಂಡಿತು. ಮನೆಯಲ್ಲಿ ಮಾತ್ರ ಬಚ್ಚಲ ತುಂಬ ಪಾತ್ರೆ ಗುಡ್ಡೆಬಿತ್ತು. ಶ್ರೀಕಂಠಯ್ಯನವರು ಪಂಚೆ ಎತ್ತಿ ಕಟ್ಟಿಕೊಂಡು ಒಗ್ಗರಣೆಯ ಬಾಣಲೆ ಉಜ್ಜಿದರು. ಅರ್ಧ ಗಂಟೆ ಉಜ್ಜಿದರೂ ಜಿಡ್ಡು ಹೋಗಲಿಲ್ಲ. ನಾಯಿಯ ತಟ್ಟೆಯ ಬಗ್ಗೆ ಅಷ್ಟೆಲ್ಲ ಮಾತಾಡಿದ್ದ ಮಹಾನುಭಾವರು ಆ ಕೆಂಪು ಚುಕ್ಕೆಯ ಬಗ್ಗೆ ಹನ್ನೊಂದು ವರ್ಷ ತುಟಿ ಪಿಟಕ್ಕೆನ್ನಲಿಲ್ಲ. ಉಜ್ಜಲಿ ಬಿಡಿ.

ಗೇಟಿನಾಚೆ ಕೂತ ಹೆಂಗಸು ತನ್ನ ನಾಯಿಗೆ ತುತ್ತಿಡುವುದನ್ನು ಅನಸೂಯಮ್ಮ ದಿನವೂ ಕಿಟಕಿಯಿಂದ ನೋಡುತ್ತಿದ್ದರು. ಅವರೇನು ಕೆಟ್ಟವರಲ್ಲ. ಮನಸ್ಸು ಕುಟುಕಿತು. ಐದನೆಯ ದಿನ ಪಾತ್ರೆ ಅಂಗಡಿಗೆ ಹೋಗಿ ಎರಡು ಸಾಮಾನು ತಂದರು. ಒಂದು ತಟ್ಟೆ, ಅದರ ಅಂಚಿಗೆ ಚುಕ್ಕೆ ಚುಕ್ಕೆಯಾಗಿ 'ಚಿನ್ನು' ಎಂದು ಕೊರೆಸಿದ್ದರು. ಇನ್ನೊಂದು ಲೋಟ, ಅದರ ಮೇಲೆ ಹಾಗೇ ಚುಕ್ಕೆಗಳಲ್ಲಿ 'ಚಿಕ್ಕತಾಯಮ್ಮ' ಎಂದು ಕೊರೆಸಿದ್ದರು. ಎರಡನ್ನೂ ಒಂದೇ ಕೈಚೀಲದಲ್ಲಿ ಹಾಕಿಕೊಂಡು ಬಂದು ಗೇಟು ತೆರೆದರು.

"ತಾಯಮ್ಮ, ನೋಡಿಲ್ಲಿ. ಡಾಕ್ಟರು ಹೇಳಿದಂಗೆ ಚಿನ್ನುಗೆ ಅದರದೇ ತಟ್ಟೆ. ನಿಂಗೆ ನಿಂದೇ ಲೋಟ. ಆ ಚುಕ್ಕೆ ಲೋಟ ಬಿಸಾಕಿದೆ ಕಣೇ. ಒಳ್ಳೇ ದಪ್ಪ ಸ್ಟೀಲು. ಹೆಸರೂ ಹಾಕಿಸಿದೀನಿ. ಇನ್ನಾದ್ರೂ ಒಳಗೆ ಬಾ."

ತಾಯಮ್ಮ ತಟ್ಟೆ ತೆಗೆದುಕೊಂಡಳು, ಬೆರಳಿನಿಂದ ಸವರಿ ನೋಡಿ ಚಿನ್ನುವಿನ ಮುಂದಿಟ್ಟಳು. ಅದರಲ್ಲಿ ಮುದ್ದೆ ಮುರಿದು ಹಾಕಿದಳು. ಲೋಟವನ್ನು ತಿರುಗಿಸಿ ನೋಡಿದಳು. ಓದು ಬಾರದಿದ್ದರೂ ತನ್ನ ಹೆಸರಿನ ಅಕ್ಷರಗಳು ಅವಳಿಗೆ ಗೊತ್ತಿದ್ದವು. ಕೆಲಸ ಬೇಕಾಗಿತ್ತು. ಒಳಗೆ ಹೋಗುವುದು ಸುಲಭವಿತ್ತು. ಲೋಟವನ್ನು ಚೀಲದೊಳಕ್ಕೇ ಹಾಕಿದಳು.

"ತಟ್ಟೆ ಸರಿಯಾಗಿ ಅದೆ ಅಮ್ಮಾವ್ರೇ. ಅದರ ಊಟ ಬೇರೆ, ತಟ್ಟೆ ಬೇರೆ ಇರ್ಲಿ, ಅದಕ್ಕೇನೂ ಅವಮಾನ ಇಲ್ಲ. ಹೊಟ್ಟೆ ತಂಪಾಗಿದ್ರೆ ಸಾಕು ಅದಕ್ಕೆ. ನಂಗ್ಯಾಕೆ ಬೇರೆ? ನಿಮ್ ಹಾಲು ನಂಗೆ ಆಗಲ್ವಾ, ನಿಮ್ ಕಾಫಿ ನಂಗೆ ಆಗಲ್ವಾ? ಮೊದ್ಲು ತಳಕ್ಕೆ ಒಂದು ಚುಕ್ಕೆ ಇಟ್ಟಿದ್ರಿ. ಈಗ ಮೈತುಂಬ ಚುಕ್ಕೆ ಇಡ್ಸಿದೀರಿ, ಅಷ್ಟೇ. ಒಳಗೆ ಹನ್ನೊಂದು ಲೋಟ ಅವೆ. ಕೈಗೆ ಸಿಕ್ಕಿದ್ದರಲ್ಲಿ ಕೊಡಿ, ಕುಡೀತೀನಿ. ಇಲ್ಲಾಂದ್ರೆ ಚಿನ್ನು ಉಂಡ್ಮೇಲೆ ನಾನು ಹೊಂಟೆ."

ಅನಸೂಯಮ್ಮ ಚೀಲ ಹಿಡಿದು ನಿಂತರು. ಕೋಪ ಬಂತೋ ನಾಚಿಕೆಯಾಯಿತೋ ಅವರಿಗೇ ಗೊತ್ತು. ಚಿನ್ನು ಹೊಸ ತಟ್ಟೆ ನೆಕ್ಕುತ್ತಿತ್ತು. ಕೊನೆಗೆ ಒಳಗೆ ಹೋದರು. ಬಹಳ ಹೊತ್ತು ಬರಲಿಲ್ಲ. ತಾಯಮ್ಮ ಎದ್ದು ಸೆರಗು ಸಿಕ್ಕಿಸಿಕೊಂಡಳು.

ಆಗ ಒಳಗಿನ ಸ್ಟ್ಯಾಂಡಿನಲ್ಲಿ ಲೋಟ ಸರಿದ ಸದ್ದಾಯಿತು.

ಅನಸೂಯಮ್ಮ ಕಾಫಿ ತಂದರು. ಮೇಲಿನಿಂದ ಸುರಿಯಲಿಲ್ಲ, ಲೋಟವನ್ನೇ ಕೈಯಿಂದ ಕೈಗೆ ಕೊಟ್ಟರು. ತಾಯಮ್ಮ ಎತ್ತಿ ಕುಡಿಯಲಿಲ್ಲ. ಅಂಚಿಗೆ ತುಟಿಯಿಟ್ಟು, ಕಚ್ಚಿಕೊಂಡು, ನಿಧಾನವಾಗಿ ಕುಡಿದಳು. ಕುಡಿದು ಮುಗಿಸಿ ತಳ ನೋಡಿದಳು. ಚುಕ್ಕೆ ಇರಲಿಲ್ಲ. ಸೀದಾ ಒಳಗೆ ನಡೆದು, ಲೋಟ ತೊಳೆದು, ಉಳಿದ ಲೋಟಗಳ ನಡುವೆ ಬೋರಲು ಹಾಕಿದಳು.

ಹೆಸರು ಕೊರೆಸಿದ ಲೋಟ ಈಗ ಶ್ರೀಕಂಠಯ್ಯನವರು ಗಡ್ಡ ಕೆರೆದುಕೊಳ್ಳುವ ನೀರಿಗೆ ಆಗಿದೆ. ತಾಯಮ್ಮ ಅಂದು ಕುಡಿದ ಲೋಟ ಯಾವುದು ಎಂದು ಮತ್ತೆ ಯಾರೂ ಹುಡುಕಲಿಲ್ಲ. ಹುಡುಕಿದ್ದರೂ ಯಾವ ಲೋಟವೂ ಬಾಯಿ ಬಿಡುತ್ತಿರಲಿಲ್ಲ.

ನೀತಿ: ಸಾಕಿದ ಪ್ರಾಣಿಗೆ ಅದರದೇ ತಟ್ಟೆ, ಅದಕ್ಕೆ ಒಗ್ಗುವ ಊಟ ಕೊಡುವುದು ಪ್ರೀತಿ. ಮನುಷ್ಯರಿಗೆ ಬೇರೆ ಲೋಟ ಇಡುವುದು ಅವಮಾನ, ಅದಕ್ಕೆ ಎಷ್ಟು ಚೆಂದದ ಹೆಸರು ಕೊರೆಸಿದರೂ ಅವಮಾನವೇ. ಈ ಕಥೆಯನ್ನು ಹತ್ತು ಜನಕ್ಕೆ ಕಳಿಸಿ ಪುಣ್ಯ ಕಟ್ಟಿಕೊಳ್ಳುವ ಮೊದಲು, ಎದ್ದು ಹೋಗಿ ನಿಮ್ಮ ಮನೆಯ ಹಿತ್ತಲ ಕಿಟಕಿ ನೋಡಿ ಬನ್ನಿ.