ಚಂದ್ರಿಯ ಕೊನೆಯ ಒಂಬತ್ತು ದಿನ

ಬೆಣ್ಣಿಹಳ್ಳದ ದಂಡೆಯಲ್ಲಿ, ಹಳೆಯ ಗಾಣದ ಮನೆಗೆ ಹೊಂದಿಕೊಂಡಿದ್ದ ತಗಡಿನ ಕೋಣೆಯೇ ಪೂಜ್ಯ ಗುರುನಿಂಗಮ್ಮನವರ ಮಠ. ಅಲ್ಲಿ ಗದ್ದುಗೆಯಿರಲಿಲ್ಲ, ಒಂದು ಗೋಣಿತಟ್ಟು, ಒಂದು ಬಿಂದಿಗೆ, ಹಸನು ಮಾಡಲು ಮುಂದಿಟ್ಟುಕೊಂಡ ಜೋಳದ ಮೊರ. ಮಾತೆಯವರು ಕಾಯಕ ಬಿಟ್ಟು ಕುಳಿತದ್ದನ್ನು ಕಂಡವರಿಲ್ಲ.

ಒಂದು ಮುಂಜಾನೆ ಪೈಲ್ವಾನ ಯಮನೂರಪ್ಪನವರು ಬುಟ್ಟಿಯೊಂದನ್ನು ಹೊತ್ತು ಬಂದರು. ಒಳಗೆ ಅವರ ಹದಿನಾಲ್ಕು ವರ್ಷದ ನಾಯಿ ಚಂದ್ರಿ. ಹಿಂಗಾಲು ಸೋತು, ಅನ್ನ ಬಿಟ್ಟು ಮೂರು ದಿನವಾಗಿತ್ತು. ಬುಟ್ಟಿಯನ್ನು ಮಾತೆಯವರ ಪಾದದ ಬಳಿ ಇಳಿಸಿ, "ಅವ್ವಾ, ಇದು ನಿಮ್ಮ ಮಠದಾಗ ಇರ್ಲಿರಿ. ಎಲ್ಲಾ ಮುಗಿದ ಮ್ಯಾಲೆ ನಾ ಬರ್ತೀನಿ," ಎಂದರು.

"ಮುಗಿದ ಮ್ಯಾಲೆ ಯಾರನ್ನ ನೋಡಾಕ ಬರ್ತೀಯಪ್ಪಾ?"

ಕುಸ್ತಿಯ ಕಣದಲ್ಲಿ ಯಾರಿಗೂ ಬೆನ್ನು ತೋರದ ಆ ಮನುಷ್ಯ ತಲೆ ತಗ್ಗಿಸಿದರು. ಹೆತ್ತ ತಾಯಿ ಕೊನೆಯುಸಿರೆಳೆಯುವಾಗಲೂ ಅವರು ಪರವೂರಿನ ಕುಸ್ತಿಯ ನೆಪ ಹೇಳಿ ಹೊರಟುಹೋಗಿದ್ದರು.

"ಸಂಕಟ ನೋಡಾಕ ಆಗೂದಿಲ್ರಿ ನನಗ."

"ನೋಡಬ್ಯಾಡ. ಮೈಮ್ಯಾಲೆ ಕೈ ಇಡು," ಎಂದರು ಮಾತೆಯವರು.

ಯಮನೂರಪ್ಪನವರು ಎಲುಬೆದ್ದ ಆ ಬೆನ್ನ ಮೇಲೆ ಕೈಯಿಟ್ಟರು. ಚಂದ್ರಿ ಕಣ್ಣು ತೆರೆಯಲಿಲ್ಲ. ಬಾಲದ ತುದಿ ಮಾತ್ರ ಒಮ್ಮೆ ಅಲುಗಿತು.

ತೀರ್ಥ ಹಾಕಿ ಬದುಕಿಸಿರೆಂದು ಅವರು ಬೇಡಿಕೊಂಡಾಗ, ಮಾತೆಯವರು ದನದ ಡಾಕ್ಟರರನ್ನು ಕರೆತರಲು ಹೇಳಿದರು. ಡಾಕ್ಟರರು ಬಂದು ನೋಡಿ, ಮೂತ್ರಪಿಂಡ ಸೋತಿದೆ, ಇನ್ನು ಗುಣವಾಗದು ಎಂದು ತಿಳಿಸಿ, ನೋವಿಗೆ ಔಷಧ ಕೊಟ್ಟುಹೋದರು. ಮಾತೆಯವರೂ ಸುಳ್ಳು ಸಮಾಧಾನ ಹೇಳಲಿಲ್ಲ.

"ಆಕಿ ಹೋಗ್ತಾಳ. ಒಬ್ಬಾಕಿನ ಹೋಗಬಾರದು."

ಅಂದಿನಿಂದ ಪೈಲ್ವಾನರು ಅಲ್ಲೇ ಉಳಿದರು. ಮಗ್ಗುಲು ಬದಲಿಸುವುದು, ಒದ್ದೆಯಾದ ಹಾಸು ತೆಗೆದು ಒಣ ಅರಿವೆ ಹಾಸುವುದು, ಒಣಗಿದ ತುಟಿಗೆ ನೀರದ್ದಿದ ಬಟ್ಟೆ ಒತ್ತುವುದು, ಎಲ್ಲವನ್ನೂ ಮಾತೆಯವರು ಒಮ್ಮೆ ತೋರಿಸಿದರು. ಆಮೇಲೆ ಪೈಲ್ವಾನರೇ ಮಾಡಿದರು. ನಾಲ್ಕನೆಯ ದಿನ ತಡೆಯಲಾರದೆ ಎದ್ದು ಹಳ್ಳದ ಆಚೆ ದಂಡೆಯವರೆಗೂ ಹೋದರಂತೆ. ಮರಳಿ ಬಂದವರು ಗುದ್ದಲಿ ಕೇಳಿ ಪಡೆದು, ಬೇವಿನ ಮರದಡಿ ತಾವೇ ಕುಣಿ ತೋಡಿದರು. ಕೈ ತೊಳೆದುಕೊಂಡು ಮತ್ತೆ ಚಂದ್ರಿಯ ಪಕ್ಕದಲ್ಲಿ ಕುಳಿತರು. ಆಮೇಲೆ ಏಳಬೇಕೆಂದು ಅವರಿಗೆ ಅನ್ನಿಸಲಿಲ್ಲ.

ಒಂಬತ್ತನೆಯ ದಿನ ಬಿಸಿಲೇರುವ ಹೊತ್ತಿಗೆ ಚಂದ್ರಿ ಅವರ ತೊಡೆಯ ಮೇಲೆ ತಲೆಯಿಟ್ಟು, ನರಳದೆ, ಉಸಿರು ನಿಲ್ಲಿಸಿತು. ಯಮನೂರಪ್ಪನವರು ಆ ಕಣ್ಣುಗಳಿಂದ ದೃಷ್ಟಿ ತೆಗೆದಿರಲಿಲ್ಲ.

ಮಣ್ಣು ಮಾಡಿ, ಮಾತೆಯವರಿಗೆ ಶರಣೆಂದು ಹೊರಟವರು ತಮ್ಮ ಮನೆಯ ದಾರಿ ಹಿಡಿಯಲಿಲ್ಲ. ಅವರ ಅಣ್ಣ ಬಾಳಪ್ಪನವರು ಲಕ್ವ ಹೊಡೆದು ಎರಡು ವರ್ಷದಿಂದ ಪಕ್ಕದ ಊರಿನಲ್ಲಿ ಹಾಸಿಗೆ ಹಿಡಿದಿದ್ದರು. ತಮ್ಮ ಒಮ್ಮೆಯೂ ಹೋಗಿ ನೋಡಿರಲಿಲ್ಲ. ಅಂದು ಸಂಜೆ ಆ ಹೊಸ್ತಿಲು ದಾಟಿ ಒಳಬಂದು, ದಣಿದು ಕುಳಿತಿದ್ದ ಅತ್ತಿಗೆಗೆ ಹೇಳಿದರು:

"ವೈನಿ, ನೀವು ಮಲಕೋರಿ. ಇನ್ನ ಮ್ಯಾಲೆ ಅಣ್ಣನ ಹತ್ತರ ನಾ ಇರ್ತೀನಿ."