ಉಗುರು ತಾಗಿದ ಗಿಡ

"ಗುರುಗಳೇ, ನನ್ನ ಮನಸ್ಸು ಬೆಳೆಯುತ್ತಿದೆಯೋ ಇಲ್ಲವೋ ಎಂದು ತಿಳಿಯುವುದು ಹೇಗೆ?"

ನಾಗಿದೇವ ಇದನ್ನು ಕೇಳಿದ್ದು ಮೊದಲ ಸಲವೇನಲ್ಲ. ಧ್ಯಾನಕ್ಕೆ ಕೂತವನು ನಡುವೆಯೇ ಕಣ್ಣು ತೆರೆದು, ಶಾಂತಿ ಬಂತೇ ಎಂದು ತನ್ನನ್ನೇ ತಡಕಿ ನೋಡಿಕೊಳ್ಳುವ ಆಸಾಮಿ ಅವನು. ಈ ಸಲ ಬಟ್ಟೆಗಂಟನ್ನೂ ಕಟ್ಟಿಕೊಂಡು ಬಂದಿದ್ದ. ಬೆಳೆಯುತ್ತಿಲ್ಲವೆಂದಾದರೆ ಮಠ ಬಿಟ್ಟು ಹೊರಡುವುದೆಂದು ತೀರ್ಮಾನಿಸಿಯಾಗಿತ್ತು. ಗುರುಗಳು ಗಂಟನ್ನು ನೋಡಿದರು. ಕೂರಲು ಹೇಳಿ ಕತೆ ಶುರುಮಾಡಿದರು.

ಚಳಿಗಾಲದಲ್ಲಿ ಇಬ್ಬನಿಯೂ ಹೆಪ್ಪುಗಟ್ಟುವ ಒಂದು ಬೆಟ್ಟದೂರು. ಅಲ್ಲೊಬ್ಬ ರೈತ. ಅವನ ಹೆಂಡತಿ ತವರಿನಿಂದ ತಂದ ಮೆಣಸಿನಕಾಯಿ ತಳಿ ಬೇರೆ ಯಾರ ಬಳಿಯೂ ಇರಲಿಲ್ಲ. ಆ ವರ್ಷ ಚಳಿ ಬೇಗ ಬಿತ್ತು. ಕಾಯಿ ಹಣ್ಣಾಗುವ ಮೊದಲೇ ಕೊಳೆಯಿತು, ಬೀಜಕ್ಕೂ ಒಂದು ಸಿಗಲಿಲ್ಲ. ಉಳಿದದ್ದು ಒಂದೇ ಗಿಡ. ಅದು ಹೋದರೆ ತಳಿಯೇ ಹೋದಂತೆ.

ಹೆಂಡತಿ ಗಿಡವನ್ನು ಮಣ್ಣುಸಮೇತ ಎತ್ತಿ, ಹಳೆಯ ಗಡಿಗೆಯಲ್ಲಿ ನೆಟ್ಟು, ಮನೆಯೊಳಗೆ ತಂದಳು. ಎಲೆ, ಕೊಂಬೆಗಳನ್ನೆಲ್ಲ ಕತ್ತರಿಸಿ ಗೇಣುದ್ದದ ಮೋಟು ಉಳಿಸಿದಳು. ರೈತ ಓಡಿಬಂದ. ಇದ್ದುದೊಂದನ್ನೂ ಕೊಂದೆಯಲ್ಲ ಎಂದು ರೇಗಿದ.

ಅವಳು ತೊಗಟೆಯನ್ನು ಉಗುರಿನಿಂದ ಚೂರೇ ಚೂರು ಕೆರೆದಳು. ಒಳಗೆ ಹಸಿರಿತ್ತು.

"ಜೀವ ಇದೆ, ನೋಡಿ. ಚಳಿ ಕಳೆಯೋವರೆಗೆ ಮಲಗಿರುತ್ತೆ. ಮಣ್ಣು ಒಣಗಿದಾಗ ಒಂದು ಬೊಗಸೆ ನೀರು ಹಾಕಿ, ಸಾಕು. ಯುಗಾದಿಗೆ ಚಿಗುರುತ್ತೆ."

ಹೀಗೆ ಹೇಳಿ ಅವಳು ಮಗಳ ಬಾಣಂತನಕ್ಕೆ ಹೊರಟಳು.

ರೈತ ಸೋಮಾರಿಯಲ್ಲ. ನೀರು ಹೆಚ್ಚು ಮಾಡಲಿಲ್ಲ, ಮರೆಯಲೂ ಇಲ್ಲ. ಆದರೆ ಮೋಟು ಮೋಟಾಗಿಯೇ ಇತ್ತು. ಅವನಿಗೆ ದಿಗಿಲು. ಒಂದು ಬೆಳಿಗ್ಗೆ ಎದ್ದವನೇ ಉಗುರಿನಿಂದ ಕೆರೆದ. ಹಸಿರು ಕಂಡು ಎದೆ ಹಗುರಾಯಿತು. ಮರುದಿನ ನೋಡಿದರೆ ಕೆರೆದ ಜಾಗ ಒಣಗಿ ಕಂದುಬಣ್ಣಕ್ಕೆ ತಿರುಗಿತ್ತು. ಮತ್ತೆ ದಿಗಿಲಾಗಿ ಪಕ್ಕದಲ್ಲಿ ಕೆರೆದ. ಅಲ್ಲೂ ಹಸಿರು. ಆಮೇಲೆ ಅದೇ ರೂಢಿಯಾಯಿತು. ದಿನವೂ ಹೊಸ ಜಾಗದಲ್ಲಿ ಕೆರೆದು ನೋಡಿ, ಆಮೇಲೇ ನೆಮ್ಮದಿಯಿಂದ ರೊಟ್ಟಿ ತಿಂದು ಕೆಲಸಕ್ಕೆ ಹೋಗುತ್ತಿದ್ದ.

ಯುಗಾದಿಗೆ ಹೆಂಡತಿ ಮರಳಿದಾಗ ಮೋಟಿನ ಮೇಲೆ ಬುಡದವರೆಗೂ ತೊಗಟೆಯೇ ಇರಲಿಲ್ಲ. ಮುಟ್ಟಿದರೆ ಲಟಕ್ಕೆಂದು ಮುರಿಯಿತು. ಅವಳು ಗಡಿಗೆಯ ಮುಂದೆ ಕೂತು ಅತ್ತಳು.

ಗುರುಗಳು ಕತೆ ನಿಲ್ಲಿಸಿದರು. ನಾಗಿದೇವನಿಗೆ ಸಂಕಟವಾಯಿತು. ಎಲೆ ಕತ್ತರಿಸಿದಾಗಲೇ ಗಿಡದ ಜೀವ ಹೋಗಿತ್ತೇನೋ ಎಂದ.

"ಇಲ್ಲಪ್ಪ, ಅವನು ಕೆರೆದು ಕೇಳಿದ ದಿನವೆಲ್ಲ ಅದು ಜೀವ ಇದೆ ಎಂದೇ ಹೇಳಿತ್ತು."